‘ತಾತ್ಕಾಲಿಕ’ ಎಂದರೆ ಎಷ್ಟು ಗಂಟೆಯ ತನಕ?

ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ಕಾಸರಗೋಡು ಜಿಲ್ಲೆಯ ಪೇಟೆಗಳಲ್ಲಿ ನಡೆಯಲು ಜಾಗವಿಲ್ಲ ಎಂಬ ದೂರು ನಿಮ್ಮ ವಾಚಕರ ಅಂಕಣಕ್ಕೆ ಹೊಸದಲ್ಲ. ಒಮ್ಮೆ ಕುಂಬಳೆಯಿಂದ ಬರುತ್ತದೆ, ಒಮ್ಮೆ ಉಪ್ಪಳದಿಂದ, ಮತ್ತೊಮ್ಮೆ ಬದಿಯಡ್ಕದಿಂದ. ಊರು ಬೇರೆಯಾದರೂ ಕೊನೆಗೆ ಸೂಚಿಸುವ ಪರಿಹಾರ ಒಂದೇ: ಜೆಸಿಬಿ ತರಿಸಿ ಬೀದಿಬದಿಯವರನ್ನು ಎಬ್ಬಿಸಿ. ಎಬ್ಬಿಸಿದ್ದೂ ಆಗಿದೆ. ಹದಿನೈದು ದಿನ ಕಳೆದರೆ ಅದೇ ಕೊಡೆ, ಅದೇ ಮೀನಿನ ಪೆಟ್ಟಿಗೆ, ಅದೇ ಜಾಗ. ಆ ನಡುವೆ ಪಕ್ಕದ ಅಂಗಡಿಯ ಬೋರ್ಡು ಎರಡು ಅಡಿ ಮುಂದೆ ಬಂದಿರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಸ್ತೆಗೆ ಬರುವ ಅಡ್ಡಿಗಳಲ್ಲಿ ಹೆಚ್ಚಿನವು ಶಾಶ್ವತ ಒತ್ತುವರಿಗಳಲ್ಲ. ಮದುವೆಯ ಚಪ್ಪರ, ಜಾತ್ರೆಯ ಕಮಾನು, ಉರೂಸಿನ ದೀಪದ ಕಂಬ, ಪಕ್ಷದ ಸಭೆಯ ವೇದಿಕೆ, ಮನೆ ಕಟ್ಟುವವರ ಜಲ್ಲಿ ರಾಶಿ, ಬಣ್ಣ ಬಳಿಯುವವರ ಸಾರುವೆ, ನೀರಿನ ಪೈಪಿನ ಹೊಂಡ, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಲಾರಿ ಬರುವ ತನಕ ಒಟ್ಟಿ ಇಟ್ಟ ಪ್ಲಾಸ್ಟಿಕ್ ಚೀಲ: ಎಲ್ಲವೂ ‘ಸ್ವಲ್ಪ ದಿನಕ್ಕೆ’. ಇವುಗಳಲ್ಲಿ ಅರ್ಧಕ್ಕೆ ಅನುಮತಿ ಕೇಳಿದವರೂ ಇದ್ದಾರೆ, ಕೊಟ್ಟವರೂ ಇದ್ದಾರೆ. ಕೊಟ್ಟ ಕಾಗದದಲ್ಲಿ ಕಾರ್ಯಕ್ರಮದ ದಿನಾಂಕ ಇರುತ್ತದೆ. ತೆಗೆಯಬೇಕಾದ ದಿನಾಂಕ ಇರುವುದಿಲ್ಲ. ಇಡೀ ಪತ್ರದಲ್ಲಿ ಹೇಳಬೇಕೆಂದಿರುವುದು ಇದೊಂದನ್ನೇ, ಉಳಿದದ್ದು ಅದರ ವಿವರ.

ಮೊದಲು ರಸ್ತೆ ಯಾರದ್ದು ಎಂದು ನೋಡಿಕೊಳ್ಳಬೇಕು. ಇಲ್ಲಿ ಎಡವಿದರೆ ಮುಂದಿನ ಓಡಾಟವೆಲ್ಲ ದಂಡ. ತಲಪಾಡಿಯಿಂದ ಚೆಂಗಳದ ತನಕ 39 ಕಿಲೋಮೀಟರು ಷಟ್ಪಥವಾದ ರಾಷ್ಟ್ರೀಯ ಹೆದ್ದಾರಿ 66 ಇದೆ. ಅದರ 45 ಮೀಟರು ಅಗಲದ ಒಳಗೆ ಬರುವ ಸರ್ವಿಸ್ ರಸ್ತೆ, ಚರಂಡಿ, ಚರಂಡಿಯ ಮೇಲಿನ ಸ್ಲ್ಯಾಬು ಎಲ್ಲವೂ ಹೆದ್ದಾರಿಯವರ ಜಾಗ. ಉಪ್ಪಳದಲ್ಲಿ ಅಂಗಡಿಯೆದುರಿನ ಸ್ಲ್ಯಾಬಿನ ಮೇಲೆ ತಳ್ಳುಗಾಡಿ ನಿಂತರೆ ಪಂಚಾಯತಿಗೆ ದೂರು ಕೊಟ್ಟು ಪ್ರಯೋಜನವಿಲ್ಲ. ರಾಜ್ಯ ಹೆದ್ದಾರಿಗಳೂ ಪ್ರಮುಖ ಜಿಲ್ಲಾ ರಸ್ತೆಗಳೂ ಲೋಕೋಪಯೋಗಿ ಇಲಾಖೆಯವು. ಉಳಿದ ಒಳರಸ್ತೆಗಳು ಪಂಚಾಯತಿನವು, ಕಾಸರಗೋಡು, ಕಾಞಂಗಾಡ್, ನೀಲೇಶ್ವರದಲ್ಲಿ ನಗರಸಭೆಯವು. ರೈಲು ನಿಲ್ದಾಣದ ಎದುರಿನ ಜಾಗ ರೈಲ್ವೆಯದ್ದು. ಸಂಶಯ ಬಂದರೆ ಪಂಚಾಯತಿನ ಆಸ್ತಿ ರಿಜಿಸ್ಟರ್ ತೆಗೆಸಿ ನೋಡಬೇಕು, ರಸ್ತೆಯ ಹೆಸರು, ಉದ್ದ, ಅಗಲ ಅದರಲ್ಲಿರುತ್ತದೆ. ಅಂಚು ಎಲ್ಲಿ ಎಂಬ ತಕರಾರು ಬಂದರೆ ಸರ್ವೆ ಕಲ್ಲೂ ಗ್ರಾಮ ಕಚೇರಿಯ ನಕ್ಷೆಯೂ ಹೇಳುತ್ತವೆ. ರಸ್ತೆ ಪುರಂಬೋಕು, ಅಂದರೆ ರಸ್ತೆಗೆಂದು ಬಿಟ್ಟ ಸರಕಾರಿ ಭೂಮಿ ಎಂದು ದಾಖಲಾದ ಜಾಗದಲ್ಲಿ ಕಟ್ಟಿದ್ದು ಗಟ್ಟಿ ಕಟ್ಟಡವಾದರೆ ಅದು ತಹಶೀಲ್ದಾರರ ಕೆಲಸ, 1957ರ ಕೇರಳ ಭೂಸಂರಕ್ಷಣಾ ಕಾಯಿದೆಯ ಕೆಳಗೆ ಬರುತ್ತದೆ. ಇಲ್ಲಿ ಅದರ ಮಾತಲ್ಲ.

ಈಗ ಒಂದು ಟೇಪು ಹಿಡಿದು ಯಾವುದಾದರೂ ಪೇಟೆಯ ಕಾಲುದಾರಿಗೆ ಇಳಿಯೋಣ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವಂತೆ ಕಾಲುದಾರಿಯಲ್ಲಿ ಏನೂ ಅಡ್ಡವಿಲ್ಲದ ಅಗಲ ಕಡಿಮೆಯೆಂದರೆ 1.8 ಮೀಟರು, ತಲೆಯ ಮೇಲಿನ ಎತ್ತರ 2.2 ಮೀಟರು ಇರಬೇಕು. ಚರಂಡಿಯ ಸ್ಲ್ಯಾಬೇ ಕಾಲುದಾರಿಯಾದ ಕಡೆ ಅಷ್ಟು ಅಗಲ ಮೊದಲೇ ಸಿಗುವುದು ಅಪರೂಪ. ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಮೊಬೈಲ್ ಅಂಗಡಿಯವ ನಿಲ್ಲಿಸುವ ಎರಡು ಕಾಲಿನ ಬೋರ್ಡಿಗೆ 60 ಸೆಂಟಿಮೀಟರು. ದಿನಸಿ ಅಂಗಡಿಯ ನೀರುಳ್ಳಿ ಚೀಲಕ್ಕೆ, ಬಾಯಿ ಮಡಚಿ ಇಟ್ಟರೆ, 50. ಎರಡೂ ಎದುರುಬದುರು ಬಂದರೆ ಉಳಿದದ್ದು 70 ಸೆಂಟಿಮೀಟರು. ಗಾಲಿಕುರ್ಚಿಯ ಅಗಲವೇ ಹೆಚ್ಚು ಕಡಿಮೆ ಅಷ್ಟಿರುತ್ತದೆ, ಚಕ್ರ ತಿರುಗಿಸುವ ಕೈಗೆ ಜಾಗ ಬೇಕೆಂದರೆ 90 ಬೇಕು. ಕುರ್ಚಿಯಲ್ಲಿದ್ದವರು ಅಲ್ಲಿಂದ ರಸ್ತೆಗೆ ಇಳಿಯಬೇಕು, ಇಳಿಯಲು ಇಳಿಜಾರೂ ಇರುವುದಿಲ್ಲ. ಸ್ಕೂಟರಿನ ವಿಷಯ ಇನ್ನೂ ಸರಳ: ಅದರ ಉದ್ದವೂ ಸುಮಾರು 1.8 ಮೀಟರೇ. ಒಂದೇ ಒಂದು ಸ್ಕೂಟರನ್ನು ಅಡ್ಡ ನಿಲ್ಲಿಸಿದರೆ ಕಾಲುದಾರಿ ಬಂದ್.

ಎತ್ತರದ ಅಡ್ಡಿ ಯಾರ ಕಣ್ಣಿಗೂ ಬೀಳುವುದಿಲ್ಲ, ತಾಗಿದ ಮೇಲೆಯೇ ತಿಳಿಯುವುದು. ವ್ಯಾಪಾರದ ದೊಡ್ಡ ಕೊಡೆಯ ಕಡ್ಡಿ ತುದಿ ಸಾಧಾರಣ ಮನುಷ್ಯನ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಮಳೆಗಾಲದಲ್ಲಿ ಅಂಗಡಿಯ ಟಾರ್ಪಾಲನ್ನು ವಿದ್ಯುತ್ ಕಂಬಕ್ಕೆ ಎಳೆದು ಕಟ್ಟಿದ ನೈಲಾನ್ ಹಗ್ಗ ಕುತ್ತಿಗೆಯ ಮಟ್ಟಕ್ಕೆ. ಕತ್ತಲಲ್ಲಿ ಆ ಹಗ್ಗ ಕಾಣುವುದಿಲ್ಲ. ಕೊಡೆಯ ಬುಡವನ್ನು ಒಂದಡಿ ಎತ್ತರಿಸಿ, ಕಡ್ಡಿ ತುದಿಗೆ ರಬ್ಬರ್ ಗುಂಡು ಹಾಕಿ, ಹಗ್ಗಕ್ಕೆ ಬಿಳಿ ಬಟ್ಟೆ ಸುತ್ತಿದರೆ ಅರ್ಧ ಅಪಾಯ ಹೋಗುತ್ತದೆ. ಇದಕ್ಕೆ ಕಾಯಿದೆಯೂ ಬೇಡ, ಅನುದಾನವೂ ಬೇಡ.

ಕಾಲುದಾರಿ ಸೌಜನ್ಯದ ವಿಷಯವಾಗಿ ಉಳಿದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಕಾಲುದಾರಿ ಪಾದಚಾರಿಗಳ ಹಕ್ಕು, ಸಂವಿಧಾನದ 21ನೇ ವಿಧಿಯಲ್ಲೇ ಅದು ಸೇರಿದೆ ಎಂದಿತು, ಅಂಗವಿಕಲರಿಗೂ ಸಾಗಲು ಬರುವಂತಿರಬೇಕು ಎಂದೂ ಹೇಳಿತು. ದಂಡವೂ ಬದಲಾಗಿದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡಸಂಹಿತೆಯ 283ನೇ ಕಲಮಿನಲ್ಲಿ 200 ರೂಪಾಯಿಯ ತನಕ ದಂಡ ಇತ್ತು. 1860ರಲ್ಲಿ ಅದು ದೊಡ್ಡ ಮೊತ್ತವೇ, 2024ರ ಜೂನ್ ತನಕ ಅದನ್ನೇ ಎಳೆದುಕೊಂಡು ಬಂದೆವು. ಈಗಿನ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5,000 ರೂಪಾಯಿಯ ತನಕ ಏರಿದೆ.

ಬೀದಿಬದಿ ವ್ಯಾಪಾರದ ವಿಷಯದಲ್ಲಿ ಹೆಚ್ಚಿನವರು ತಪ್ಪು ತಿಳಿದುಕೊಂಡಿದ್ದಾರೆ, ಅಧಿಕಾರಿಗಳೂ ಸೇರಿ. ಬೀದಿ ವ್ಯಾಪಾರ ಅಪರಾಧವಲ್ಲ. 1989ರಲ್ಲೇ ಸುಪ್ರೀಂ ಕೋರ್ಟು ಸೋದನ್ ಸಿಂಗ್ ಪ್ರಕರಣದಲ್ಲಿ ಅದನ್ನು ಮಿತಿಗೊಳಪಟ್ಟ ಹಕ್ಕು ಎಂದು ಒಪ್ಪಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಬಂದ ಮೇಲೆ ನಗರಸಭೆ ಮೊದಲು ಸಮೀಕ್ಷೆ ಮಾಡಬೇಕು, ಐದು ವರ್ಷಕ್ಕೊಮ್ಮೆಯಾದರೂ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಇದ್ದವರನ್ನು ಎಬ್ಬಿಸುವ ಹಾಗಿಲ್ಲ. ಜಾಗ ನಿರ್ಧರಿಸಲು ಸಮಿತಿ ಬೇಕು, ಅದರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸ್ಥಳ ಬದಲಿಸಬೇಕಾದರೆ 30 ದಿನದ ನೋಟೀಸು. ಅವಧಿ ಮುಗಿದ ಮೇಲೂ ಏಳದಿದ್ದರೆ ದಿನಕ್ಕೆ 250 ರೂಪಾಯಿಯ ತನಕ ದಂಡ. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಒಂದು ಪ್ರತಿ ಅಲ್ಲೇ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಮೀನು, ಹಣ್ಣು, ಹೂವಿನಂಥ ಹಾಳಾಗುವ ವಸ್ತು ಅದೇ ದಿನ, ಉಳಿದದ್ದು ಎರಡು ಕೆಲಸದ ದಿನದ ಒಳಗೆ ವಾಪಸು ಕೊಡಬೇಕು. ಪಟ್ಟಿ ಕೊಡದೆ ಗಾಡಿಯನ್ನೇ ಲಾರಿಗೆ ಏರಿಸಿಕೊಂಡು ಹೋದರೆ ತಪ್ಪು ಲಾರಿಯ ಕಡೆಯದ್ದು.

ತೊಡಕಿರುವುದು ಮುಂದೆ. ಈ ಕಾಯಿದೆಯ ಮಾತೆಲ್ಲ ಮಹಾನಗರಪಾಲಿಕೆ, ನಗರಸಭೆ, ನಗರ ಪಂಚಾಯತುಗಳನ್ನು ಎದುರಿಟ್ಟುಕೊಂಡು ಬರೆದದ್ದು. ಗ್ರಾಮ ಪಂಚಾಯತಿನ ಹೆಸರು ಅಲ್ಲಿ ಇಲ್ಲ. ಕುಂಬಳೆ, ಬದಿಯಡ್ಕ, ಮಂಗಲ್ಪಾಡಿ ಪಂಚಾಯತಿನ ಉಪ್ಪಳ, ಎಣ್ಮಕಜೆಯ ಪೆರ್ಲ ನೋಡಲು ಪೇಟೆಗಳು, ಕಾಗದದಲ್ಲಿ ಗ್ರಾಮಗಳು. ಕಾಸರಗೋಡಿನ ವ್ಯಾಪಾರಿಗೆ ಸಿಗುವ 30 ದಿನದ ನೋಟೀಸು ಕುಂಬಳೆಯವನಿಗೆ ತನ್ನಿಂದ ತಾನೇ ಸಿಗುವುದಿಲ್ಲ. ಹೆದ್ದಾರಿಯ ಜಾಗದಲ್ಲಂತೂ 2002ರ ಹೆದ್ದಾರಿ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯಿದೆಯ 26ನೇ ಕಲಂ ಇನ್ನೂ ಕಠಿಣ: ಬಯಲಲ್ಲಿ ಹರಡಿದ ಸಾಮಾನು, ತಾತ್ಕಾಲಿಕ ಗೂಡಂಗಡಿ, ಯಂತ್ರವಿಲ್ಲದೆ ತೆಗೆಯಬಹುದಾದ್ದು ಏನಿದ್ದರೂ ನೋಟೀಸು ಕೊಡದೆಯೇ ತೆಗೆಸಬಹುದು. ಹೊಸ ಸರ್ವಿಸ್ ರಸ್ತೆಯ ಬದಿಗೆ ಬಂದು ಕುಳಿತವರಿಗೆ ಇದನ್ನು ಯಾರೂ ಹೇಳಿಲ್ಲ. ಹಳೆ ರಸ್ತೆಯ ಬದಿಯಲ್ಲಿ ವರ್ಷಗಟ್ಟಲೆ ಕುಳಿತವರು ರಸ್ತೆ ಅಗಲವಾದಾಗ ಅದರ ಅಂಚನ್ನೇ ಹಿಂಬಾಲಿಸಿ ಬಂದಿದ್ದಾರೆ, ಆದರೆ ಅಂಚಿನ ಯಜಮಾನ ಬದಲಾಗಿದ್ದಾನೆ.

ಹಾಗಿದ್ದರೆ ಪಂಚಾಯತು ಏನು ಮಾಡಬೇಕು? ತನ್ನ ಸ್ವಂತ ರಸ್ತೆಯಲ್ಲಿ, ಮಾರ್ಕೆಟಿನ ಹಿತ್ತಿಲಿನಲ್ಲಿ, ಬಸ್ ನಿಲ್ದಾಣದ ಬದಿಯಲ್ಲಿ ಹಳದಿ ಬಣ್ಣದ ಗೆರೆ ಎಳೆದು ಚೌಕ ಮಾಡಿಕೊಡಬೇಕು. ಒಬ್ಬರಿಗೆ 1.2 ಮೀಟರು ಉದ್ದ, ಒಂದು ಮೀಟರು ಆಳ ಧಾರಾಳ. ಚೌಕದ ಎದುರು 1.8 ಮೀಟರು ಬಿಡಬೇಕು, ಗಿರಾಕಿ ನಿಲ್ಲುವ ಅರ್ಧ ಮೀಟರನ್ನು ಮರೆಯಬಾರದು. ಗಾಡಿಯ ಅಳತೆ ಮಾತ್ರ ಹಿಡಿದು ಗೆರೆ ಎಳೆದು, ಗಿರಾಕಿಗಳೇ ದಾರಿ ಕಟ್ಟುವುದು ಎಲ್ಲ ಕಡೆ ಆಗುವ ಎಡವಟ್ಟು. ತಿರುವು, ಝೀಬ್ರಾ ಪಟ್ಟೆ, ಬಸ್ ತಂಗುದಾಣದ ಎದುರು ಹತ್ತು ಮೀಟರು ಯಾರಿಗೂ ಕೊಡಬಾರದು, ಟ್ರಾನ್ಸ್‌ಫಾರ್ಮರಿನ ಬೇಲಿಗೆ ತಾಗಿಸಿಯೂ ಕೊಡಬಾರದು. ಒಂದೇ ಚೌಕವನ್ನು ಬೆಳಗ್ಗೆ ಹನ್ನೊಂದರ ತನಕ ಮೀನಿನವರಿಗೆ, ಸಂಜೆ ಐದರ ಮೇಲೆ ತಟ್ಟುಕಡೆಯವರಿಗೆ, ಅಂದರೆ ತಿಂಡಿ ಗಾಡಿಯವರಿಗೆ ಹಂಚಬಹುದು. ಆದರೆ ನಡುವೆ ತೊಳೆಯಲು ನೀರಿರಬೇಕು. ಮಂಜುಗಡ್ಡೆ ಕರಗಿದ ಮೀನಿನ ನೀರು ಸ್ಲ್ಯಾಬಿನ ಮೇಲೆ ಹರಿದರೆ ಜಾರುತ್ತದೆ, ಒಣಗಿದ ಮೇಲೂ ಅಂಟಂಟು ಉಳಿಯುತ್ತದೆ. ಪೆಟ್ಟಿಗೆಯ ಕೆಳಗೆ ಅಂಚುಳ್ಳ ತಗಡಿನ ತಟ್ಟೆ, ಅದರ ಮೂಲೆಗೊಂದು ಪೈಪು, ಪೈಪಿನ ಬಾಯಿಗೆ ಬಾಲ್ದಿ: ಇಷ್ಟೇ ಸಲಕರಣೆ.

ಮತ್ತೊಂದು ಮಾತು ಹೇಳದಿದ್ದರೆ ಅನ್ಯಾಯ. ಮೀನು ಮಾರುವ ಹೆಂಗಸು ಮೂರು ನಾಲ್ಕಡಿ ಜಾಗ ಹಿಡಿಯುತ್ತಾಳೆ, ಮಧ್ಯಾಹ್ನ ಎದ್ದು ಹೋಗುತ್ತಾಳೆ. ಲೈಸನ್ಸು ಇರುವ ಅಂಗಡಿಯವ ಬಾಗಿಲಿನ ಎರಡು ಪಟ್ಟು ಅಗಲಕ್ಕೆ ಪ್ಲಾಸ್ಟಿಕ್ ಕುರ್ಚಿ, ಕೊಡಪಾನ, ಬಾಳೆಗೊನೆ ಹರಡುತ್ತಾನೆ, ರಾತ್ರಿ ಒಂಬತ್ತರ ತನಕ. ಕೆಲವು ಕಡೆ ತನ್ನ ಅಂಗಡಿಯೆದುರಿನ ಸರಕಾರಿ ಜಾಗಕ್ಕೆ ದಿನಬಾಡಿಗೆ ವಸೂಲು ಮಾಡುವುದೂ ನಡೆಯುತ್ತದೆ. ತೆರವಿಗೆ ಇಳಿಯುವ ದಿನ ಟೇಪು ಮೊದಲು ಅಂಗಡಿಯ ಮೆಟ್ಟಿಲಿನಿಂದ ಹಿಡಿಯಬೇಕು, ಆಮೇಲೆ ಗಾಡಿಗೆ ಬರಬೇಕು. ಲೈಸನ್ಸು ನವೀಕರಣ ಪಂಚಾಯತಿನ ಕೈಯಲ್ಲೇ ಇದೆ, ಅದಕ್ಕಿಂತ ದೊಡ್ಡ ಹಿಡಿತ ಬೇಕೇ?

ಇನ್ನು ಚಪ್ಪರ. ಶಾಮಿಯಾನದವರು ರಸ್ತೆಯಲ್ಲಿ ಕಂಬ ನಿಲ್ಲಿಸುವಾಗ ಹಗ್ಗ ಬಿಗಿಯಲು ಡಾಮರಿಗೆ ಕಬ್ಬಿಣದ ಗೂಟ ಹೊಡೆಯುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಗೂಟ ಕಿತ್ತರೆ ಹೆಬ್ಬೆರಳು ಗಾತ್ರದ ತೂತು ಉಳಿಯುತ್ತದೆ, ಅದನ್ನು ಯಾರೂ ಮುಚ್ಚುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆ ತೂತಿನಿಂದ ನೀರು ಡಾಮರಿನ ಅಡಿಗೆ ಇಳಿಯುತ್ತದೆ, ಕೆಳಗಿನ ಜಲ್ಲಿಯ ಪದರ ಸಡಿಲವಾಗುತ್ತದೆ, ಬಸ್ಸಿನ ಚಕ್ರ ಒತ್ತಿದಾಗ ಅಡಿಯ ಕೆಸರು ಮೇಲೆ ಕಾರುತ್ತದೆ. ಎಪ್ರಿಲಿನ ಮದುವೆಯ ಗೂಟ ಜುಲೈಯಲ್ಲಿ ಹೊಂಡವಾಗಿ ಕಾಣಿಸುವುದು ಹೀಗೆ. ಆಗ ಬೈಗುಳ ತಿನ್ನುವವನು ಡಾಮರು ಹಾಕಿದ ಗುತ್ತಿಗೆದಾರ, ಪಾಪ, ಈ ಒಂದು ಸಲ ಅವನದ್ದಲ್ಲದ ತಪ್ಪಿಗೆ. ಬದಲಿ ಉಪಾಯ ಇದೆ. ಇಪ್ಪತ್ತು ಲೀಟರಿನ ಖಾಲಿ ಬಣ್ಣದ ಬಾಲ್ದಿಗೆ ಕಾಂಕ್ರೀಟು ತುಂಬಿ ನಡುವೆ ಕೊಂಡಿ ಹುಗಿದರೆ ಸುಮಾರು 48 ಕಿಲೋ ಭಾರವಾಗುತ್ತದೆ. ಸಣ್ಣ ಚಪ್ಪರದ ಕಂಬಕ್ಕೊಂದರಂತೆ, ಗಾಳಿಯ ಕಡೆ ಎರಡರಂತೆ ಇಟ್ಟು ಹಗ್ಗ ಬಿಗಿದರೆ ಸಾಕು. ಹೊಯ್ಗೆ ತುಂಬಿದರೆ ಭಾರ ಕಡಿಮೆ, ಅಂಥಲ್ಲಿ ಹೆಚ್ಚು ಬಾಲ್ದಿ ಬೇಕು. ಒಮ್ಮೆ ಮಾಡಿಟ್ಟರೆ ಹತ್ತು ವರ್ಷದ ಸಲಕರಣೆ. ಡಾಮರು ರಸ್ತೆಯಲ್ಲಿ ಗೂಟ ಹೊಡೆಯಬಾರದು ಎಂಬ ಒಂದು ಸಾಲು ಅನುಮತಿಯಲ್ಲಿ ಬರೆದರೆ ಶಾಮಿಯಾನದವರು ತಾವಾಗಿಯೇ ಮಾಡಿಸಿಕೊಳ್ಳುತ್ತಾರೆ.

ಚಪ್ಪರ ತೆಗೆಯುವುದು ಏಕೆ ತಡವಾಗುತ್ತದೆ ಎಂಬುದೂ ಗೊತ್ತಿರಬೇಕು. ಬಾಡಿಗೆಗೆ ಕೊಟ್ಟವನ ಮುಂದಿನ ಗಿರಾಕಿ ಬುಧವಾರಕ್ಕೆ ಇದ್ದರೆ, ಭಾನುವಾರದ ಕಂಬ ಮಂಗಳವಾರದ ತನಕ ರಸ್ತೆ ಬದಿಯಲ್ಲೇ. ಗೋದಾಮಿಗೆ ಕೊಂಡುಹೋಗಿ ಮತ್ತೆ ತರುವ ಸಾಗಾಟ ಅವನಿಗೆ ಉಳಿಯಿತು. ಅಂದರೆ ಊರಿನ ರಸ್ತೆ ಅವನ ಗೋದಾಮು. ಠೇವಣಿ ಇಟ್ಟುಕೊಳ್ಳುವುದಾದರೆ ಪಿಕಪ್ ಬಾಡಿಗೆ, ಇಬ್ಬರ ಕೂಲಿ ಸೇರಿದ್ದಕ್ಕಿಂತ ಹೆಚ್ಚಿಗೆ ಇಡಬೇಕು. ಕಡಿಮೆ ಇಟ್ಟರೆ ಠೇವಣಿ ಹೋದರೆ ಹೋಗಲಿ ಎಂದು ಬಿಟ್ಟುಬಿಡುತ್ತಾರೆ.

ಕಮಾನುಗಳದ್ದು ಇನ್ನೊಂದು ಕತೆ. ಬ್ರಹ್ಮಕಲಶ, ಉರೂಸ್, ಕಳಿಯಾಟ, ಶಾಲೋತ್ಸವ, ಪಕ್ಷದ ಸಮ್ಮೇಳನ, ಯಾವುದಕ್ಕೇ ಆಗಲಿ ಕಮಾನು ಕಟ್ಟುವುದು ಸ್ವಾಗತ ಸಮಿತಿ. ಸಮಿತಿಯ ಹೆಸರಿನಲ್ಲಿ ಅನುಮತಿ ಕೊಟ್ಟರೆ ಕಾರ್ಯಕ್ರಮದ ಮರುದಿನ ಸಮಿತಿಯೇ ಇರುವುದಿಲ್ಲ. ಸಂಚಾಲಕರನ್ನು ಕೇಳಿದರೆ ಅಲಂಕಾರ ವಿಭಾಗ ಬೇರೆ ಎನ್ನುತ್ತಾರೆ. ಅನುಮತಿ ಒಬ್ಬ ಮನುಷ್ಯನ ಹೆಸರಿನಲ್ಲಿ, ಗುರುತಿನ ಚೀಟಿಯ ಪ್ರತಿ ಇಟ್ಟು ಕೊಡಬೇಕು. ರಸ್ತೆಗೆ ಅಡ್ಡಲಾಗಿ ಕಟ್ಟಿದರೆ ನಡುವಿನ ತೆರವು ಎತ್ತರ 5.5 ಮೀಟರಿಗೆ ಕಡಿಮೆಯಾಗಬಾರದು, ಬುಡ ಕಾಲುದಾರಿಯ ಮೇಲೆ ಬರಬಾರದು, ತಿರುವಿನಲ್ಲಿ ಎದುರಿನ ವಾಹನ ಮರೆಯಾಗಬಾರದು. ಕಬ್ಬಿಣದ ಚೌಕಟ್ಟನ್ನು ಎತ್ತುವ ಮೊದಲು ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಬೇಕು. ಅಪಘಾತಗಳು ಆಗುವುದು ನಿಂತ ಕಮಾನಿನಿಂದಲ್ಲ, ಎತ್ತುವಾಗ, ಇಳಿಸುವಾಗ. ಇಳಿಸುವುದು ಸಾಮಾನ್ಯವಾಗಿ ಮಧ್ಯರಾತ್ರಿ, ದಣಿದ ನಾಲ್ಕು ಹುಡುಗರು, ಟಾರ್ಚ್ ಬೆಳಕಿನಲ್ಲಿ. ಆದ್ದರಿಂದ ತೆರವಿನ ಗಂಟೆಯನ್ನು ಮರುದಿನ ಬೆಳಗ್ಗೆಗೆ ಬರೆದರೇ ಒಳ್ಳೆಯದು, ‘ಕಾರ್ಯಕ್ರಮ ಮುಗಿದ ಕೂಡಲೇ’ ಎಂದು ಬರೆಯಬಾರದು. ಫ್ಲೆಕ್ಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪಿವಿಸಿ ಫ್ಲೆಕ್ಸನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ, ಅನಧಿಕೃತ ಬೋರ್ಡುಗಳ ಬಗ್ಗೆ ಹೈಕೋರ್ಟು 2018ರಿಂದ ಹೇಳುತ್ತಲೇ ಬಂದಿದೆ, ಬಟ್ಟೆಯ ಬ್ಯಾನರ್ ಆದರೂ ಅನುಮತಿ ಬೇಕೇ ಬೇಕು.

ಸಭೆ ಮೆರವಣಿಗೆಗೆ ಬೇರೆ ಕಾನೂನಿದೆ. ಆಲುವಾದ ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟು 2010ರ ಜೂನಿನಲ್ಲಿ ರಸ್ತೆಯಲ್ಲೂ ರಸ್ತೆಬದಿಯಲ್ಲೂ ಸಾರ್ವಜನಿಕ ಸಭೆ ನಡೆಸಬಾರದೆಂದಿತು. ಅದರ ಬೆನ್ನಿಗೆ 2011ರಲ್ಲಿ ಸಾರ್ವಜನಿಕ ದಾರಿಗಳಲ್ಲಿ ಸಭೆ ಮತ್ತು ಮೆರವಣಿಗೆಗಳನ್ನು ನಿಯಂತ್ರಿಸುವ ಕಾಯಿದೆ ಬಂತು. ಹಾಗಿದ್ದೂ 2024ರ ಡಿಸೆಂಬರಿನಲ್ಲಿ ತಿರುವನಂತಪುರದ ವಂಚಿಯೂರಿನಲ್ಲಿ ರಸ್ತೆಯಲ್ಲೇ ವೇದಿಕೆ ಕಟ್ಟಿದ ಪ್ರಸಂಗ ಹೈಕೋರ್ಟಿನ ಮುಂದೆ ನ್ಯಾಯಾಂಗ ನಿಂದನೆಯ ಅರ್ಜಿಯಾಗಿ ಹೋಯಿತು. ನಮ್ಮಲ್ಲಿ ಹೊರೆಕಾಣಿಕೆ ಮೆರವಣಿಗೆಯೂ ನಬಿದಿನದ ಮೆರವಣಿಗೆಯೂ ವಿಜಯೋತ್ಸವವೂ ಒಂದೇ ರಸ್ತೆಯಲ್ಲಿ ಹೋಗುತ್ತವೆ. ಪೊಲೀಸರಿಗೆ ಕೊಡುವ ಅರ್ಜಿಯಲ್ಲಿ ಹೊರಡುವ ಸಮಯ ಮಾತ್ರ ಬರೆದರೆ ಅರ್ಧ ಅರ್ಜಿ. ದಾರಿಯ ಮೂರು ನಾಲ್ಕು ಗುರುತುಗಳನ್ನು ದಾಟುವ ಸಮಯ, ರಸ್ತೆಯ ಯಾವ ಬದಿ ಬಿಡುತ್ತಾರೆ, ಅಂಬುಲೆನ್ಸ್ ಬಂದರೆ ಯಾರು ದಾರಿ ಬಿಡಿಸುವುದು ಎಂಬ ಮೂರೂ ಇರಬೇಕು. ವಾಹನಗಳ ಗರಿಷ್ಠ ಅಗಲ 2.6 ಮೀಟರು. ಬದಿಯಲ್ಲಿ ಮೂರೂವರೆ ಮೀಟರು ಖಾಲಿ ಬಿಟ್ಟರೆ ಅಗ್ನಿಶಾಮಕದ ವಾಹನವೂ ಹೋಗುತ್ತದೆ. ಸ್ತಬ್ಧಚಿತ್ರದ ಲಾರಿ ಕೆಟ್ಟು ನಿಂತರೆ ಎಳೆಯಲು ಒಂದು ಟ್ರ್ಯಾಕ್ಟರು ಹಿಂದಿನಿಂದ ಬರುವುದು ಒಳ್ಳೆಯದು, ಹೆಚ್ಚಿನ ಮೆರವಣಿಗೆಗಳು ಸಿಕ್ಕಿಕೊಳ್ಳುವುದು ಅಲ್ಲೇ.

ಕಟ್ಟಡದ ಸಾಮಾನು ಒಳರಸ್ತೆಗಳ ದೊಡ್ಡ ಕಂಟಕ. ನೂರು ಘನ ಅಡಿ ಜಲ್ಲಿಯನ್ನು ಟಿಪ್ಪರು ಸುರಿದರೆ ರಾಶಿ ನಿಲ್ಲುವುದು ಸುಮಾರು 1.1 ಮೀಟರು ಎತ್ತರ, ಬುಡದ ಅಡ್ಡಗಲ ಮೂರು ಮೀಟರಿಗೆ ಮೇಲೆ. ಪಂಚಾಯತ್ ರಸ್ತೆಯ ಡಾಮರಿನ ಅಗಲ ಹೆಚ್ಚಿನ ಕಡೆ ಮೂರು ಮೀಟರು. ಲೆಕ್ಕ ಅಲ್ಲಿಗೇ ಮುಗಿಯಿತು. ‘ಬದಿಗೆ ಸುರಿದಿದ್ದೇವೆ’ ಎಂಬ ಮಾತಿಗೆ ಅರ್ಥವಿಲ್ಲ. ಬೇಕಾದರೆ ಎರಡು ಹಲಗೆ ನಿಲ್ಲಿಸಿ, ನಡುವೆ ಉದ್ದಕ್ಕೆ ಸುರಿಸಿ ಒಂದು ಮೀಟರಿನೊಳಗೆ ಅಡಗಿಸಬಹುದು, ಟಿಪ್ಪರಿನವನಿಗೆ ಐದು ನಿಮಿಷ ಹೆಚ್ಚು ತಗಲುತ್ತದೆ. ಕೆಂಪುಕಲ್ಲಾದರೆ ಕಟ್ಟಿ ಜೋಡಿಸಬೇಕು, ಸುರಿಯಬಾರದು. ಸುರಿದರೆ ಮೂಲೆ ಮುರಿದು ನಷ್ಟವೂ ಮಾಲಿಕನಿಗೇ. ಎಂ-ಸ್ಯಾಂಡಿನ ಪುಡಿ ಡಾಮರಿನ ಮೇಲೆ ಹರಡಿದರೆ ಬೈಕಿನವರು ಬ್ರೇಕ್ ಹಿಡಿದಲ್ಲೇ ಜಾರುತ್ತಾರೆ. ಮೊದಲ ಮಳೆಗೆ ಅದು ಚರಂಡಿಗೆ ಇಳಿದು ಮೋರಿಯ ಬಾಯಿ ಕಟ್ಟುತ್ತದೆ, ಎರಡನೆಯ ಮಳೆಗೆ ಕೆಳಗಿನ ಮನೆಯ ಅಂಗಳದಲ್ಲಿ ನೀರು. ಟಾರ್ಪಾಲು ಕೆಳಗೂ ಬೇಕು, ಮೇಲೂ ಬೇಕು. ರಸ್ತೆಗೆ ಅಡ್ಡಿಯಾಗುವ ಕಟ್ಟಡ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು ಎಂಬುದು ಮದರಾಸಿನ 1920ರ ಜಿಲ್ಲಾ ಮುನಿಸಿಪಾಲಿಟಿ ಕಾಯಿದೆಯ ಕಾಲದ್ದೇ ಮಾತು, ಅಂದರೆ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನದ್ದು. 1994ರ ಕೇರಳ ಮುನಿಸಿಪಾಲಿಟಿ ಕಾಯಿದೆಯಲ್ಲೂ ಅದು ಉಳಿದಿದೆ. ಕಟ್ಟಡ ಪರವಾನಿಗೆ ಸಿಕ್ಕಿದರೆ ರಸ್ತೆಯೂ ಸಿಕ್ಕಿತು ಎಂದು ತಿಳಿದವರೇ ಹೆಚ್ಚು.

ಪೈಪ್ ಹಾಕಲು ಅಗೆದ ಹೊಂಡದಲ್ಲಿ ತಪ್ಪು ಬೇರೆ ರೀತಿಯದ್ದು. ಅಗೆದ ಮಣ್ಣನ್ನೆಲ್ಲ ಒಮ್ಮೆಲೇ ತಳ್ಳಿ, ಜೆಸಿಬಿಯ ಬಕೆಟಿನಿಂದ ನಾಲ್ಕು ಪೆಟ್ಟು ಕುಟ್ಟಿ ಹೋಗುತ್ತಾರೆ. ಮೊದಲು ಅದು ದಿಣ್ಣೆ, ಮಳೆ ಬಂದ ಮೇಲೆ ತೋಡು. ಹದಿನೈದು ಇಪ್ಪತ್ತು ಸೆಂಟಿಮೀಟರಿನ ಪದರ ಪದರವಾಗಿ ತುಂಬಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಯಂತ್ರದಿಂದ ಗುದ್ದಿದರೆ ಮಾತ್ರ ನಿಲ್ಲುತ್ತದೆ. ನಮ್ಮ ಕೆಂಪು ಮಣ್ಣು ಒದ್ದೆಯಾಗಿ ರಾಡಿಯಾದ ಮೇಲೆ ಎಷ್ಟು ಗುದ್ದಿದರೂ ವ್ಯರ್ಥ, ಮಳೆಗಾಲದಲ್ಲಿ ಮೇಲಿನ ಪದರಕ್ಕೆ ಜಲ್ಲಿಪುಡಿ ಹಾಕಬೇಕು. ಹೊಂಡ ತೆರೆದಿರುವಷ್ಟು ದಿನ ಕೆಂಪು ಬಿಳಿ ರಿಬ್ಬನ್ ಕಟ್ಟಿದರೆ ಅದು ತಡೆಯಲ್ಲ. ಕಣ್ಣು ಕಾಣದವರ ಕೋಲು ರಿಬ್ಬನಿನ ಅಡಿಯಿಂದ ನೇರ ಹೊಂಡಕ್ಕೆ ಹೋಗುತ್ತದೆ. ನೆಲದಿಂದ ಒಂದು ಗೇಣಿನೊಳಗೆ ಅಡ್ಡಪಟ್ಟಿ, ಸೊಂಟದ ಮಟ್ಟಕ್ಕೆ ಇನ್ನೊಂದು, ರಾತ್ರಿಗೆ ಮಿನುಗುವ ಕೆಂಪು ದೀಪ ಬೇಕು. ಅಂಗಡಿಯ ಬಾಗಿಲಿಗೆ ದಾಟಲು ಇಡುವ ಹಲಗೆ 90 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಕೆಲಸ ಯಾರದ್ದು, ಮುಗಿಯುವುದು ಯಾವಾಗ, ಫೋನ್ ನಂಬ್ರ ಯಾವುದು ಎಂಬ ಬೋರ್ಡು ಇಲ್ಲದಿದ್ದರೆ ದೂರನ್ನು ಅಲ್ಲಿಂದಲೇ ಶುರು ಮಾಡಬಹುದು.

ದೂರು ಕೊಡುವ ಕ್ರಮ. ಫೋಟೋ ತೆಗೆಯುವಾಗ ಕದಲದ ಒಂದು ಗುರುತು, ಅಂದರೆ ಕಂಬದ ನಂಬ್ರವೋ ಅಂಗಡಿಯ ಬೋರ್ಡೋ ಕಾಣಬೇಕು, ಅಡ್ಡಲಾಗಿ ಟೇಪು ಬಿಚ್ಚಿಟ್ಟು ಉಳಿದ ಅಗಲ ಓದಲು ಬರಬೇಕು. ಮೂರು ದಿನ ಬಿಟ್ಟು ಅದೇ ಜಾಗದಿಂದ ಇನ್ನೊಂದು. ಎರಡು ಫೋಟೋ ಒಟ್ಟಿಗೆ ಇಟ್ಟರೆ ‘ತಾತ್ಕಾಲಿಕ’ ಎಂಬ ಉತ್ತರಕ್ಕೆ ಜಾಗ ಇರುವುದಿಲ್ಲ. ಅರ್ಜಿ ರಸ್ತೆಯ ಒಡೆಯನಿಗೆ, ಪ್ರತಿ ಪೊಲೀಸ್ ಠಾಣೆಗೆ, ರಶೀದಿ ಕೈಯಲ್ಲಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲಿ ‘ಏಕೆ ತೆಗೆಯಲಿಲ್ಲ’ ಎಂದು ಕೇಳಬಾರದು, ಏಕೆ ಎಂಬುದು ಮಾಹಿತಿಯಲ್ಲ ಎಂದು ಬರೆದು ಕಳಿಸುತ್ತಾರೆ. ‘ಈ ರಸ್ತೆಯಲ್ಲಿ ಈ ತಾರೀಕಿನಿಂದ ಈ ತಾರೀಕಿನ ತನಕ ಕೊಟ್ಟ ಅನುಮತಿಗಳ ಪ್ರತಿ, ಠೇವಣಿಯ ರಶೀದಿಯ ಪ್ರತಿ’ ಎಂದು ಕೇಳಬೇಕು. ಪ್ರತಿ ಇಲ್ಲ ಎಂಬ ಉತ್ತರ ಬಂದರೆ ಅದೇ ದೊಡ್ಡ ದಾಖಲೆ.

ತಿಂಗಳುಗಟ್ಟಲೆ ಕದಲದ ಅಡ್ಡಿಗೆ ಕಂದಾಯ ವಿಭಾಗಾಧಿಕಾರಿಯವರ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಂತೆ ಅರ್ಜಿ ಹಾಕಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133 ಎಂದು ಎಲ್ಲರಿಗೂ ಗೊತ್ತಿದ್ದ ಕಲಂ ಇದೇ. ಮೊದಲು ಷರತ್ತಿನ ಆದೇಶ, ಆಮೇಲೆ ಎದುರು ಪಕ್ಷದ ಸಮಜಾಯಿಷಿ, ಸಾಕ್ಷ್ಯ, ಕೊನೆಗೆ ಅಂತಿಮ ಆದೇಶ. ಎರಡು ದಿನದ ಕಮಾನಿಗೆ ಇದು ಪ್ರಯೋಜನವಿಲ್ಲ, ವಿಚಾರಣೆಗೆ ಬರುವಾಗ ಕಮಾನು ಇರುವುದಿಲ್ಲ. ವರ್ಷದಿಂದ ಬಿದ್ದಿರುವ ಗುಜರಿ ಲಾರಿಗೆ, ಸಿಮೆಂಟ್ ರಿಂಗಿನ ರಾಶಿಗೆ ಇದು ಸರಿಯಾದ ದಾರಿ.

ಇಷ್ಟಕ್ಕೆಲ್ಲ ಹೊಸ ಉಪನಿಯಮ ಬೇಕಾಗಿಲ್ಲ. ಉಪನಿಯಮ ಎಂದರೆ ಕರಡು, ಆಕ್ಷೇಪ, ಸರಕಾರದ ಮಂಜೂರಾತಿ ಎಂದು ಎರಡು ಮಳೆಗಾಲ ಕಳೆಯುತ್ತದೆ. ಈಗ ಕೊಡುವ ಅನುಮತಿ ಕಾಗದಕ್ಕೇ ಅರ್ಧ ಹಾಳೆ ಸೇರಿಸಿದರೆ ಸಾಕು: ರಸ್ತೆಯ ಹೆಸರು, ಆಸ್ತಿ ರಿಜಿಸ್ಟರಿನ ನಂಬ್ರ, ಅಡ್ಡಿಯ ಉದ್ದ ಅಗಲ, ನಡೆಯಲು ಬಿಡುವ ಅಗಲ, ಶುರುವಾಗುವ ದಿನ ಗಂಟೆ, ತೆರವಾಗುವ ದಿನ ಗಂಟೆ, ತೆರವು ಮಾಡುವವನ ಹೆಸರು ಮತ್ತು ಫೋನ್, ಠೇವಣಿ. ಒಂದು ಪ್ರತಿ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಚಪ್ಪರದ ಕಂಬಕ್ಕೆ, ಜಲ್ಲಿ ರಾಶಿಯ ಹಲಗೆಗೆ ಕಟ್ಟಿರಬೇಕು. ಠೇವಣಿ ವಾಪಸಾಗುವುದು ತೆರವಾದ ಮೇಲಿನ ಫೋಟೋ ಕೊಟ್ಟಾಗ. ಮೂರು ತಿಂಗಳಿಗೊಮ್ಮೆ ಸೇರುವ ಗ್ರಾಮಸಭೆಯಲ್ಲಿ ಆ ಅವಧಿಯ ಅನುಮತಿಗಳ ಪಟ್ಟಿ ಓದಲಿ, ತೆರವಾದದ್ದು ಎಷ್ಟು, ಠೇವಣಿ ಮುಟ್ಟುಗೋಲಾದದ್ದು ಎಷ್ಟು ಎಂದು.

ಆ ಅರ್ಧ ಹಾಳೆ ಮಲಯಾಳದ ಜೊತೆ ಕನ್ನಡದಲ್ಲೂ ಇರಬೇಕು. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಂತೆ ಕನ್ನಡಿಗರು ಹೆಚ್ಚಿರುವ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ದೂರು ಕೊಡುವವರು ಇದನ್ನು ನೆನಪಿಡಲಿ. ಪೆರ್ಲದಲ್ಲಿ ಕಂಬ ಬಿಚ್ಚಬೇಕಾದ ಹುಡುಗನಿಗೆ ‘ತೆರವು: ಸೋಮವಾರ ಬೆಳಗ್ಗೆ 8’ ಎಂದು ಓದಲು ಬರುವ ಲಿಪಿಯಲ್ಲಿ ಬರೆಯದೆ, ಮಂಗಳವಾರ ಅವನಿಗೆ ದಂಡ ಹಾಕುವುದು ಹೇಗೆ?

ಇತಿ,
ಒಬ್ಬ ನಿವೃತ್ತ ಪಂಚಾಯತು ನೌಕರ
ಬದಿಯಡ್ಕ